ಕುಣಿ ಮುಚ್ಚಿದ ಮ್ಯಾಲ

ಇಳಕಲ್ಲಿನಾಗ ನೆಲಕ್ಕ ಎಪಾಕ್ಸಿ ಹೊಯ್ಯಾವ ನಾ.
ಅಪ್ಪ ಕೆಂಪು ಗ್ರಾನೈಟಿಗೆ ಪಾಲಿಶ್ ಹೊಡದು ಹೊಡದು ಕೆಮ್ಮಿದಾವ;
ಆ ಕಲ್ಲು ಹಡಗ ಹತ್ತಿ ಹೋತು,
ಅದರ ಚಿತ್ರ ನನ್ನ ಕ್ಯಾಟಲಾಗಿನಾಗ ಉಳದೈತಿ,
ಹದಿನೇಳನೆ ಪುಟ: ‘ಗ್ರಾನೈಟ್ ಲುಕ್’.

ಬನಶಂಕ್ರವ್ವನ ಪಡಸಾಲ್ಯಾಗ ಪುಟ ತಗದು ಹಾಸಿದೆ.
ಮಗ್ಗ ಬಿಚ್ಚಿ ಗ್ವಾಡಿಗೆ ಆನಿಸಿದ್ರು.
ನಡುವ ಕುಣಿ, ಮೊಣಕಾಲಮಟ ಆಳ,
ಅಂಚಿನ ಕಲ್ಲು ತೊಡಿ ತಿಕ್ಕಿ ತಿಕ್ಕಿ
ಎಣ್ಣಿ ಹಚ್ಚಿದ್ಹಂಗ ಮಿಂಚತಿತ್ತು.
ಅಂಥಾ ಮಿಂಚು ನನ್ನ ಡಬ್ಬ್ಯಾಗಿಲ್ಲ.
ಹೇಳಲಿಲ್ಲ. ವ್ಯಾಪಾರ.

ಇದು ಮೆಟಾಲಿಕ್, ಅಂದೆ. ತಾಮ್ರ, ಬೆಳ್ಳಿ, ನವಿಲು ಬಣ್ಣ,
ಹೊಯ್ದಲ್ಲೆ ತಾನ ಸುಳಿ ತಗೊಂತೈತಿ,
ಎರಡು ನೆಲ ಒಂದಂಗ ಬರೂದಿಲ್ಲ.
ಇದು ಮಾರ್ಬಲ್ ನರ. ಇದು ಕತ್ತಲದಾಗ ಹೊಳಿಯೂದು.
ಇದು ತ್ರೀಡಿ: ಕಾಲ ಕೆಳಗ ಸಮುದ್ರ, ಮೀನ, ಆಮಿ.
‘ಯವ್ವಾ, ಇದರಾಗ ಬಿದ್ದರ?’ ಅಂದ್ಲು ಮುದುಕಿ.
ಸೊಸಿ ನಕ್ಕೊಂತನ ಫೋನ್ ತೋರಿಸಿದ್ಲು:
ಇಳಕಲ್ ಸೀರಿ ಸೆರಗು, ತೋಪು ತೆನಿ, ಕೆಂಪು ಬಿಳಿ.
‘ಪಾರ್ಲರ್ ಬಾಗಲದಾಗ ಇದ ಬರ್ಲಿ ಅಣ್ಣಾ,
ಬಂದವರು ಫೋಟೊ ತಗೀತಾರ.’
ಬರತೈತಿ, ಅಂದೆ. ಪ್ರಿಂಟ್ ಹಾಸಿ, ಮ್ಯಾಲ ಕ್ಲಿಯರ್ ಕೋಟ್—
‘ಸೆರಗು ತುಳಿಯೂದಲ್ಲ.’
ಅಷ್ಟ ಅಂದ್ಲು ಬನಶಂಕ್ರವ್ವ. ಫ್ಯಾನ್ ತಿರುಗತಿತ್ತು.

ಕಡೀಕ ಚಕ್ಕಿ ಪುಟಕ್ಕ ಆಕಿ ಬಟ್ಟು ನಿಂತಿತು.
ಬೂದಿ ನೆಲದ ಮ್ಯಾಲ ಕೆಂಪು, ಕರಿ, ಬಿಳಿ,
ಎಲ್ಲ್ಯರ ಒಂದು ಹಳದಿ, ಉದುರಿಸಿದ ಚೂರು.
‘ಇದನ್ನ ನಾ ಬಲ್ಲೆ,’ ಅಂದ್ಲು,
‘ಮೂವತ್ತೆಂಟು ವರ್ಷ ಮಗ್ಗದ ಕೆಳಗ ಬಿದ್ದ ಎಳಿ ಚೂರು.
ದಿನಾ ಸಂಜಿಗೆ ಬಳದೀನಿ,
ಕುಣ್ಯಾಗ ಇಳದು ಕೈಲೆ ಆರಿಸೀನಿ.
ಬೀಳಲಿ ಅತ್ಲಾಗ. ಬಿದ್ದಲ್ಲೆ ಇರ್ಲಿ.
ಇನ್ನ ಯಾರೂ ಬಳಿಯೂದು ಬ್ಯಾಡ.’

ಕುಣಿ ತುಂಬೂ ದಿನ ಕೇಳಿದೆ:
ಅರಿಸಿಣ ಕುಂಕುಮ ಏನರ ಹಾಕತೀಯೇನವ್ವಾ?
‘ಗರಸು ಹಾಕು. ನನ್ನ ಮೊಣಕಾಲು ಆಗಲೇ ಅದರಾಗ ಹೋಗ್ಯಾವು,
ಮ್ಯಾಲ ಕುಂಕುಮ ಬ್ಯಾರೆ?’

ರಾತ್ರಿ ಹತ್ತಕ್ಕ ಕಲಿಸಿದೆ. ರೆಸಿನ್ ಎರಡು ಪಾಲು, ಹಾರ್ಡ್ನರ್ ಒಂದು.
ಕೂಡಿದ ಮ್ಯಾಲ ನಲವತ್ತು ನಿಮಿಷ,
ಆಮ್ಯಾಲ ಅದು ಯಾರ ಮಾತೂ ಕೇಳೂದಿಲ್ಲ.
ಮೊಳಿ ಬೂಟು ಹಾಕ್ಕೊಂಡು, ಬಾಗಲಕ್ಕ ಬೆನ್ನು ಮಾಡಿ,
ಗುಳ್ಳಿ ಒಡಕೊಂತ ಹಿಂದ ಹಿಂದ ಸರದೆ.
ಚಕ್ಕಿ ಮ್ಯಾಲಕ್ಕ ತೂರಬೇಕು, ತಾವ ತೇಲಿ ಇಳೀಬೇಕು;
ನೆಟ್ಟಗ ಒಗದ್ರ ಒಂದ ಕಡೆ ಗುಂಪು ಕೂಡತಾವು,
ಮದವಿಮನ್ಯಾಗ ಗಂಡಿನ ಬೀಗರ್ಹಂಗ.
ಕಿಡಕ್ಯಾಗ ನಿಂತಿದ್ಲು ಆಕಿ.
‘ಆ ಮೂಲ್ಯಾಗ ಕೆಂಪು ಕಮ್ಮಿ ಬಿತ್ತಲೋ ರಾಜೇಸಾಬ.’
ಖರೆನ ಕಮ್ಮಿ ಇತ್ತು.

ಶ್ರಾವಣ ಕಳದ ಮ್ಯಾಲ ಸೊಸಿ ಫೋನು:
ನೆಲ ಇಳದೈತಿ, ನಿಮ್ಮ ಗ್ಯಾರಂಟಿ ಎಲ್ಲೈತಿ?
ಹೋಗಿ ಟಾರ್ಚ್ ಅಡ್ಡ ಹಿಡದು ನೋಡಿದೆ.
ಚಕ್ಕಿ ಎಲ್ಲಾ ಇದ್ದಲ್ಲೆ ಅದಾವು. ಬಿರುಕಿಲ್ಲ.
ನಡುವ ಮಾತ್ರ ಒಂದು ತೆಗ್ಗು, ಕಣ್ಣಿಗಿಂತ ಅಂಗಾಲಿಗೆ ತಿಳಿಯೂದು,
ಚೌಕ, ಎರಡು ಕಾಲಿಗೆ ಸಾಕಾಗುವಷ್ಟು.
ಕಾರ್ಡ್ ಓದಿ ಹೇಳಿದೆ: ಬಣ್ಣಕ್ಕ ಐದು ವರ್ಷ, ಹೊಳಪಿಗೆ ಮೂರು,
ಕೆಳಗಿನ ನೆಲಕ್ಕ ಕಂಪನಿ ಜವಾಬ್ದಾರಿ ಅಲ್ಲ.

ಬನಶಂಕ್ರವ್ವ ಪಾರ್ಲರಿನ ತಿರುಗೂ ಖುರ್ಚ್ಯಾಗ ಕೂತು
ಬಸಿ ತುಂಬ ಚಾ ಊದತಿದ್ಲು. ಕಾಲು ನೆಲಕ್ಕ ಮುಟ್ಟತಿರಲಿಲ್ಲ.
‘ಗಟ್ಟಿ ಬಡದಿಲ್ಲ ನೀ,’ ಅಂದ್ಲು,
‘ಬಾಕ್ಯಾಗ ಐನೂರು ಮುರಕೋತೀನಿ.’