ಏಮೋ

ಶಿಡ್ಲಘಟ್ಟಕ್ಕೆ ವರ್ಗವಾದ ಮೊದಲ ತಿಂಗಳು
ನನ್ನ ಪಾಲಿಗೆ ಬಂದದ್ದು ಎಂಟುನೂರ ಹನ್ನೆರಡು ಮೀಟರು.
ಅರಸೀಕೆರೆ ಕಡೆಯವನು ನಾನು. ಸಂದಿಗೊಂದಿ ತಿಳಿಯದು,
ಜನ ತಮ್ಮತಮ್ಮಲ್ಲಿ ಆಡುವ ತೆಲುಗಂತೂ
ಕಿವಿಯ ಹೊಸಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತಿತ್ತು.
ಹಾಗಾಗಿ ಗಿಡ ನೋಡಿ ಮನೆ ಗುರುತಿಟ್ಟೆ,
ಪಟ್ಟಿಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ:

ಗೇಟಿನ ಬಲಕ್ಕೆ ಸ್ಫಟಿಕ, ಹಳದಿ.
ಪೇಂಟ್ ಡಬ್ಬದಲ್ಲಿ ದೊಡ್ಡಪತ್ರೆ. ನಾಯಿ ಇದೆ.
ಬಚ್ಚಲ ನೀರು ಹರಿವಲ್ಲಿ ಕಾಬಾಳೆ.
ಮನಿಪ್ಲಾಂಟು ಮೀಟರಿಗೇ ಹಬ್ಬಿದೆ, ಸರಿಸಿ ಓದಬೇಕು.

ಹೆಸರು ಗೊತ್ತಿಲ್ಲದಕ್ಕೆ ಚಹರೆ ಬರೆದೆ,
ಠಾಣೆಯಲ್ಲಿ ಕಾಣೆಯಾದವರದ್ದು ಬರೆಯುವಂತೆ:
ಎಲೆ ಮೇಲೆ ಹಸಿರು, ಮಗುಚಿದರೆ ನೇರಳೆ.
ಚಿವುಟಿದರೆ ಹಾಲು.
ಮುಟ್ಟಿದ ಕೈ ಮೂಸಿದರೆ ಸೀಮೆಣ್ಣೆ.

ಕೇಳೋಣವೆಂದರೆ ಈ ಊರಿಗೆ ಒಂದೇ ಎಲೆ ಮುಖ್ಯ, ಹಿಪ್ಪುನೇರಳೆ.
ಅದರಲ್ಲಿ ನಾಟಿ ಯಾವುದು, ವಿ-ಒನ್ ಯಾವುದು,
ಕತ್ತಲಲ್ಲೂ ಬೆರಳು ಸವರಿ ಹೇಳಿಯಾರು.
ಮಿಕ್ಕಿದ್ದೆಲ್ಲ ಶೋ ಗಿಡ.

ಗೂಡಿನ ಮಾರುಕಟ್ಟೆ ಹಿಂದೆ, ಬೆಂದ ಹುಳದ ಹಬೆ
ಗೋಡೆಯ ಸುಣ್ಣಕ್ಕೂ ಹತ್ತಿದ ಓಣಿಯಲ್ಲಿ
ಆದೆಮ್ಮನ ಮನೆ. ತಳ ತೂತಾದ ತಪ್ಪಲೆಯಲ್ಲಿ ಒಂದು ಗಿಡ.
ಹೂವು ತಿಳಿನೀಲಿ, ಎರಡೇ ತುಟಿ,
ಮಾತು ಶುರುಮಾಡಿ ಯಾರೋ ಬಂದರೆಂದು ನಿಲ್ಲಿಸಿದ ಹಾಗೆ.
"ಅಜ್ಜೀ, ಇದು ಯಾವ ಗಿಡ?"
ಕೆಟ್ಟ ಗೂಡು ಆರಿಸುತ್ತಿದ್ದವಳು ತಲೆಯೆತ್ತದೆ ಅಂದಳು,
"ಏಮೋ."

ಬರೆದುಕೊಂಡೆ. ಏಮೋ.
ಚೆನ್ನಾಗಿತ್ತು ಹೆಸರು. ಜಪಾನಿನದಿರಬೇಕು,
ಇಲ್ಲಿಗೆ ರೇಷ್ಮೆಯವರು ಬಂದುಹೋಗುತ್ತಾರಲ್ಲ.

ಆಮೇಲಿನ ತಿಂಗಳು ಬ್ಯಾಂಕಿನ ಮ್ಯಾನೇಜರ್, ಉಡುಪಿಯ ಸುಮತಿ ಶೆಟ್ಟಿ,
ನೆರಳಿಗೆ ತಡೆಯುವ ಹೂಗಿಡ ಕೇಳಿದರು.
ಒಂದು ಕಡ್ಡಿ ಮುರಿದು ಒದ್ದೆ ಕಾಗದದಲ್ಲಿ ಸುತ್ತಿ ಒಯ್ದುಕೊಟ್ಟೆ,
"ಏಮೋ ಮೇಡಂ, ದಿನ ಬಿಟ್ಟು ದಿನ ನೀರು."
ಅವರು ಪಕ್ಕದ ಡಾಕ್ಟರಿಗೆ ಕೊಟ್ಟರು. ಡಾಕ್ಟರು ತಂಗಿಗೆ.
ಹೆಸರೂ ಕಡ್ಡಿಯ ಜೊತೆಗೇ ಹೋಗಿ ಬೇರು ಬಿಟ್ಟಿತು.

ರೀಲಿಂಗ್ ಮನೆಯ ಖೈರುನ್ನೀಸಾ ಮುಂದೆ ಜಂಬದಿಂದ ಹೇಳಿದೆ ಒಮ್ಮೆ.
ಆಕೆ ಬಿಸಿನೀರಿಂದ ಕೈ ತೆಗೆದು, ಹೊಟ್ಟೆ ಹಿಡಿದು,
ಸೆರಗಲ್ಲಿ ಕಣ್ಣೊರೆಸಿ,
"ಅಯ್ಯೋ ಸಾರ್, ಏಮೋ ಅಂದ್ರೆ
ಏನೋಪ್ಪ, ಯಾರಿಗೊತ್ತು, ಅಂತ!"

ಆ ರಾತ್ರಿ ರಬ್ಬರ್ ಹಿಡಿದು ಕೂತೆ.
ಪಟ್ಟಿಯಲ್ಲಿ ಒಂದು ಕಡೆ ಅಳಿಸಬಹುದು.
ಮೂರು ಬೀದಿಯ ಬಾಯಲ್ಲಿ?

ಚಿಂತಾಮಣಿಯಲ್ಲಿ ಓದುವ ಮೌನಿಕ ಭೂತಗನ್ನಡಿ ತಂದಳು.
ಮೊಬೈಲು ಬೆಳಗಿನ ಬಿಸಿಲಲ್ಲಿ ಒಂದು ಹೆಸರು ಹೇಳಿತು,
ಮೋಡಕ್ಕೆ ಇನ್ನೊಂದು,
ಅವಳ ನೆರಳು ಬಿದ್ದಾಗ ಪಾಲಕ್ ಅಂದಿತು.
ಅದನ್ನು ಜೇಬಿಗೆ ತುರುಕಿ, ಕಾಂಡವನ್ನು ಬೆರಳಲ್ಲಿ ಉರುಳಿಸಿದಳು.
"ದುಂಡಿಲ್ಲ ಅಂಕಲ್, ಚೌಕ. ಎಲೆ ಎದುರುಬದುರು.
ಕನಕಾಂಬರದ ನೆಂಟರು ಇವರು. ಕುಲ ಗೊತ್ತಾಯ್ತು.
ಹೆಸರಿಗೆ ಕಾಯಿ ಬೇಕು, ಕಾಯಿ ಕಟ್ಟಲಿ."

ಕಟ್ಟಿಲ್ಲ. ನಾಲ್ಕು ವರ್ಷವಾಯಿತು.
ಹೂ ಬಿಡುತ್ತದೆ, ಉದುರುತ್ತದೆ,
ಕಡ್ಡಿಯಿಂದ ಕಡ್ಡಿಗೆ ಊರು ಸುತ್ತುತ್ತದೆ.
ಮೊನ್ನೆ ಹೆದ್ದಾರಿಯ ನರ್ಸರಿಯಲ್ಲಿ ಕಪ್ಪು ಚೀಲಗಳ ಸಾಲು,
ಸುಣ್ಣದಲ್ಲಿ ಬರೆದ ಹಲಗೆ: ಏಮೋ, ಮೂವತ್ತು ರೂಪಾಯಿ.

ನಿನ್ನೆ ಆದೆಮ್ಮನ ಮೀಟರಿಗೆ ಹೋದವನು
ತಪ್ಪೊಪ್ಪಿಕೊಳ್ಳೋಣವೆಂದು ಮತ್ತೆ ಕೇಳಿದೆ,
"ಅಜ್ಜೀ, ನಿಜವಾಗಿ ಏನಿದರ ಹೆಸರು?"

"ಏಮೋ ಅಂತ ಕಣಪ್ಪ.
ಕರೆಂಟಿನೋರು ಪುಸ್ತಕದಲ್ಲಿ ಬರ್ಕೊಂಡವ್ರೆ."

ನಕ್ಕಳೋ, ಹಲ್ಲಿಲ್ಲದ ಬಾಯಿ ಸುಮ್ಮನೆ ಹಾಗೆ ನಿಂತಿತೋ.
ಎಲೆ ಮಗುಚಿ ನೋಡಿದಂತೆ ಮುಖ ಮಗುಚಿ ನೋಡಲಾದೀತೇ.
ಅರವತ್ತೊಂದು ಯೂನಿಟ್.
ಚೀಟಿ ಹರಿದು ಕೊಟ್ಟೆ.