ಕಾಲಂ ನಂಬರ್ ಏಳು

ಮಂಗೋರ್ ಗುಡ್ಡದ ಕನ್ನಡ ಸಾಲ್ಯಾಗ
ಹತ್ತನೇತ್ತ ಪರೀಕ್ಷಾಕ್ಕ ಕುಂತವರು ಹನ್ನೊಂದು ಮಂದಿ.
ಪಾಸಾದಾಕಿ ಒಬ್ಬಾಕಿ.
ಎಂಬತ್ತೊಂದರ ಜೂನು. ತಗಡಿನ ಮ್ಯಾಲ ಮಳಿ ಹೊಡಿಯೂದಕ್ಕ
ಹೆಡ್ ಮಾಸ್ತರು ಹೆಸರು ಎರಡು ಸಲ ಒದರಬೇಕಾತು:
ಫಕೀರವ್ವ ತಳವಾರ. ಫಕೀರವ್ವ ತಳವಾರ.
ಗಣಿತದಾಗ ಒಂಬತ್ತು ಮಾರ್ಕಿಗೆ ಬಿದ್ದಾಂವ ನಾನು
ಹೊರಗ ಸೈಕಲ್ ಹಿಡಕೊಂಡು ಕೇಳಿದೆ.

ಅವರಪ್ಪ ಬಂದರದಾಗ ಅದುರು ತುಂಬಾಂವ.
ಮೈಯೆಲ್ಲಾ ಕೆಂಪು, ಜಳಕಾ ಮಾಡಿದರೂ ಕಿವಿಯೊಳಗ ಕೆಂಪು.
ಮಾರ್ಕ್ಸ್ ಕಾರ್ಡು ಮುಟ್ಟಲಿಲ್ಲ ಆತ, ಹೊಲಸಾದೀತಂತ.
ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು
ಓದಾಕ ಬರದ ಕಣ್ಣಿಲೆ
ಮ್ಯಾಲಿನಿಂದ ಕೆಳಗಿನತನಕ ನೋಡಿದ.

ಕಾಲೇಜಿಗೆ ಹೋಗಲಿಲ್ಲ. ಯಾಕಂತ ಕೇಳಬ್ಯಾಡ್ರಿ,
ಯಾಕಂತ ನಿಮಗೂ ಗೊತ್ತೈತಿ.
ದೀಪಾವಳಿಗೆ ಹುಚ್ಚೀರಪ್ಪನ ಕೂಡ ಮದುವಿ.
ಮೂರು ಹಡದಳು, ಒಂದನ್ನ ಮಣ್ಣಿಗೆ ಕೊಟ್ಟಳು,
ಚಿಕಾಲಿಮದಾಗ ನಾಕು ಮನಿ ಭಾಂಡೆ ತಿಕ್ಕಿದಳು.
ಪಾಸಾದ ಕಾಗದ
ಪ್ಲಾಸ್ಟಿಕ್ ಚೀಲದಾಗ, ಅಕ್ಕಿ ಡಬ್ಬಿ ತಳದಾಗ.

ಮೊದಲ ಬಂದಾಕಿ ನೆರಮನಿ ಮಾಳವ್ವ,
ಒಂದು ಪೋಸ್ಟ್ ಕಾರ್ಡ್ ಹಿಡಕೊಂಡು.
"ಊರಾಗ ಅವ್ವಗ ಬರಿ, ನಾ ಅರಾಮ ಅದೀನಿ ಅಂತ."
ಮಾಳವ್ವನ ತುಟಿ ಒಡದಿತ್ತು ಆವತ್ತು.
ಫಕೀರವ್ವ ಹೇಳಿದ್ದನ್ನ ಹೇಳಿದಂಗ ಬರದಳು.
ಬರದು, ಪೆನ್ನು ಮುಚ್ಚಿ, ಎದ್ದು
ಮಾಳವ್ವನ ಗಂಡನ್ನ ಹುಡುಕಿಕೊಂಡು ಶೆರೇದಂಗಡಿಗೆ ಹೋದಳು.
ಅಲ್ಲೇನಂದಳೋ ಗೊತ್ತಿಲ್ಲ.
ಅದು ಬರವಣಿಗಿಯಾಗಿಲ್ಲ.

ಆಮ್ಯಾಲೆ ರೇಷನ್ನು, ವಿಧವಾ ಪಗಾರ, ನಳದ ಅರ್ಜಿ,
ಬಾಂಬೋಳಿ ದವಾಖಾನಿಯಿಂದ
ಹೆಣ ರೋಣಕ್ಕ ಒಯ್ಯೂ ಪರವಾನಿಗಿ.
ಕೊಂಕಣಿಯೊಳಗ ಜಗಳಾಡಿ, ಮರಾಠಿಯೊಳಗ ರಮಿಸಿ,
ಇಂಗ್ಲಿಷ್ ಚೌಕದಾಗ ಒಂದೊಂದು ಅಕ್ಷರ ಕೂಡ್ರಿಸಿ
ಹುಟ್ಟಿದ ತಾರೀಖು ಇಲ್ಲದವರಿಗೆ ತಾರೀಖು ಕೊಟ್ಟಳು.
ನಮ್ಮ ಗುಡ್ಡದ ಅರ್ಧ ಮಂದಿ
ಜೂನ್ ಒಂದಕ್ಕ ಹುಟ್ಟ್ಯಾರ, ಅಕಿ ಕೃಪಾ.

ಅಂಚಿನ ಮನಿಗಳಿಗೆ ನೋಟೀಸು ಬಂದಾಗ
ನಳದ ಕಟ್ಟಿ ಹತ್ತಿ ಓದಿ ಹೇಳಿದಳು.
ಕಡೀ ಸಾಲು ಓದಲಿಲ್ಲ.
ರಾತ್ರಿ ಕೂತು ಅರ್ಜಿ ಬರದಳು, ಮುಂಜಾನೆ ಮನಿ ಮನಿ ತಿರುಗಿದಳು:
ಮೂವತ್ತೆರಡು ಸಹಿ, ಎಪ್ಪತ್ತು ಹೆಬ್ಬೆಟ್ಟು.
ಹದಿನಾರು ಮನಿ ಉಳದವು.
ಅಕಿ ಮನಿ ಉಳೀಲಿಲ್ಲ.

ಈಗ ಮಗಳು ನರ್ಸು. ಮಗ ಗ್ಯಾಸಿನ ಗಾಡಿ ಹೊಡೀತಾನ.
ಹುಚ್ಚೀರಪ್ಪ ಹೋಗಿ ಏಳು ವರ್ಷ,
ಅವನ ಸಾವಿನ ದಾಖಲೇನೂ ಅಕೀನೇ ತುಂಬಿದ್ದು,
ಕೈ ನಡಗಲಿಲ್ಲಂತ, ಇಂಕು ಮಾತ್ರ ಖಾಲಿ ಆತಂತ.
ಮೊಮ್ಮಗ ಮೊಬೈಲಿನಾಗ ಎರಡ ನಿಮಿಷಕ್ಕ ಫಾರ್ಮ್ ತುಂಬಿ
"ಆಜೀ, ಜಾಲೆಂ" ಅಂತಾನ.
ಕನ್ನಡ ತಿಳೀತೈತಿ ಹುಡುಗಗ, ಬಾಯಿಗೆ ಬರಂಗಿಲ್ಲ.
"ಹೆಸರು ಇನ್ನೊಂದು ಸಲ ನೋಡೋ," ಅಂತಾಳ ಇಕಿ,
"ಒಂದು ಅಕ್ಷರ ತಪ್ಪಿದರ ಮನಶ್ಯಾನೇ ಬ್ಯಾರೆ ಆಕ್ಕಾನ."

ಕಳದ ಐತವಾರ ನಾನೂ ಹೋಗಿದ್ದೆ.
ಬಾರ್ಜು ನಿಂತಾವು, ಮೊಣಕಾಲೂ ನಿಂತಾವು,
ವಯಸ್ಸಾದವರ ಪಗಾರಕ್ಕ ಹಾಕಬೇಕಲ್ಲ.
"ಕುಂದರ ದಾವಲಸಾಬ." ಕುಂತೆ.
ಹೆಸರು, ತಂದಿ ಹೆಸರು, ಜೂನ್ ಒಂದು.
ಕಾಲಂ ನಂಬರ್ ಏಳು. ಶಿಕ್ಷಣ.
"ನಪಾಸು ಅಂತ ಬರಿ" ಅಂದೆ.
ಅಕಿ ಚಾಳೀಸು ಏರಿಸಿದಳು.
"ಒಂಬತ್ತು ಮಾರ್ಕು" ಅಂದಳು.
ನಲವತ್ತು ವರ್ಷದ ಮ್ಯಾಲಾತು. ನನ್ನ ಹೇಣತಿಗೂ ಹೇಳಿದ್ದಿಲ್ಲ ನಾ.

ಬರದಳು: ಹತ್ತನೇತ್ತ ಓದಿದ್ದಾರೆ.
"ಪಾಸೋ ನಪಾಸೋ ಅವರು ಕೇಳಿಲ್ಲ,
ಕೇಳದ್ದನ್ನ ನಾವ್ಯಾಕ ಹೇಳೂಣು."
ಕೈ ರೂಢಿಲೆ ಇಂಕ್ ಪ್ಯಾಡಿನ ಕಡೆ ಹೋತು,
ಅರ್ಧಕ್ಕ ನಿಂತು,
ಅದನ್ನ ಅತ್ಲಾಗ ಸರಿಸಿ
ಪೆನ್ನು ನನ್ನ ಕೈಯಾಗ ಕೊಟ್ಟಳು.