ಹುಲ್ಲು ಬಲ್ಲ ಕೋಟೆ

ಉಳಿದದ್ದು ಒಂದು ಬುರುಜು, ಒಂದೂವರೆ ಗೋಡೆ,
ಎಲ್ಲಿಗೂ ಮುಟ್ಟಿಸದ ಹನ್ನೊಂದು ಮೆಟ್ಟಿಲು.
ಮಿಕ್ಕದ್ದೆಲ್ಲ ಹುಲ್ಲು.
ಆ ಹುಲ್ಲು ಕತ್ತರಿಸುವವನು ನಾನು,
ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಮಂಗಳವಾರ ಮಂಗಳವಾರ,
ಇಪ್ಪತ್ತಾರು ವರ್ಷದಿಂದ.

ಟಿಕೆಟ್ ಹರಿಯುವ ಹೆಸ್ಟರ್ ಥ್ವೇಟ್ ಹೇಳುತ್ತಾಳೆ,
ಇದು ಯಾರೋ ಪಾಳೆಯಗಾರನದಲ್ಲ, ದೊರೆಯದೇ ಕೋಟೆ.
ದೊರೆ ಎಲ್ಲಿ ಮಲಗುತ್ತಿದ್ದ? ಕೇಳುತ್ತಾರೆ ಬಂದವರು.
ಅವಳು ಕಿಟಕಿಯಿಂದ ಕೈ ಚಾಚಿ
ನನ್ನ ಯಂತ್ರದ ಕಡೆ ತೋರಿಸುತ್ತಾಳೆ.

ಲೆಕ್ಕವೇನೋ ಉಳಿದಿದೆ, ಕುರಿಚರ್ಮದ ಸುರುಳಿಯಲ್ಲಿ,
ಒಸ್ಬರ್ಟ್ ಎಂಬ ಕರಣಿಕನ ಕೈಬರಹ:
ಅಡುಗೆಮನೆ ಸೂರಿಗೆ ಸೀಸ, ಏಳು ಬಂಡಿ.
ಕಂದಕದಿಂದ ಸತ್ತ ಹಸು ಎತ್ತಿದವರಿಗೆ ಮೂರು ಪೆನ್ನಿ.
ದೊರೆ ಚಿತ್ತೈಸುವರೆಂದು ಹೊಸ ಹಾಸಿಗೆ, ಮೇಣದ ಬತ್ತಿ,
ನಲವತ್ತು ಕೋಳಿ.
ದೊರೆ ಬರಲಿಲ್ಲವಾಗಿ ಮೇಣ ಮಾರಿದ್ದು, ಜಮಾ.
ಕೋಳಿಗಳ ಮಾತಿಲ್ಲ.
ಮರುವರ್ಷ ಮತ್ತೆ ಹಾಸಿಗೆ, ಮತ್ತೆ ಮೇಣ, ಮತ್ತೆ ಕೋಳಿ.
ಅರವತ್ತು ವರ್ಷದಲ್ಲಿ ಮೂವರು ದೊರೆಗಳು ಆಳಿ ಹೋದರು,
ಇಲ್ಲಿ ತಂಗಿದ್ದು ಒಟ್ಟು ಐದು ರಾತ್ರಿ,
ಅದರಲ್ಲೊಂದು ರಾತ್ರಿ ಹೊಟ್ಟೆನೋವು.
ಶುಂಠಿಗೆ ಎರಡು ಪೆನ್ನಿ.

ಕಾದವರು ಬೇರೆ.
ಗಾಮೆಲ್ ಎಂಬ ಪಹರೆಯವನು,
ದಿನಕ್ಕೆ ಒಂದೂವರೆ ಪೆನ್ನಿ, ಚಳಿಗಾಲಕ್ಕೊಂದು ಕಂಬಳಿ.
ಉತ್ತರದಿಂದ ಬರಬೇಕಿದ್ದ ಶತ್ರು
ಅವನ ಕಾಲಕ್ಕೆ ಬರಲೇ ಇಲ್ಲ.
ಬುರುಜಿನ ನೆತ್ತಿಯ ಕಲ್ಲು ಒಂದೇ ಕಡೆ ಸವೆದಿದೆ,
ಮೊಣಕೈ ಊರುವ ಎತ್ತರದಲ್ಲಿ.
ನಾನೂ ಊರಿ ನೋಡಿದ್ದೇನೆ. ಸರಿಯಾಗಿ ಕೂರುತ್ತದೆ.

ಕೆಡವಲು ಬಂದವರು ಪರದೇಶದವರಲ್ಲ.
ದೊರೆಯ ಕಡೆಯವರೂ ಪಾರ್ಲಿಮೆಂಟಿನ ಕಡೆಯವರೂ
ಒಂದೇ ದೇವರ ಹೆಸರಲ್ಲಿ ಕಚ್ಚಾಡಿದ ವರ್ಷ
ಗೆದ್ದವರು ಮದ್ದಿಟ್ಟು ಗೋಡೆಯ ಬಾಯಿ ಬಿಡಿಸಿದರು.
ಉಳಿದ ಕೆಲಸ ಊರಿನವರೇ ಮಾಡಿಕೊಂಡರು,
ಬಂಡಿ ತಂದು, ಅವಸರವಿಲ್ಲದೆ, ಭಾನುವಾರ ಬಿಟ್ಟು.
ಸೇತುವೆಯ ಕಮಾನು ದೊರೆಯ ಪ್ರಾರ್ಥನಾಮಂದಿರ,
ಪಬ್ಬಿನ ಒಲೆಗೂಡು ಅವನ ಉಗ್ರಾಣ.
ಹೆಸ್ಟರಳ ಹಂದಿದೊಡ್ಡಿಯ ಮೂಲೆಯಲ್ಲಿ
ಅರ್ಧ ಮುಖದ ರಾಣಿ, ಒಂದೇ ಕಣ್ಣು, ಮೂಗು ಮಾತ್ರ ಪೂರ್ತಿ;
ಹಂದಿಗಳು ಬೆನ್ನುಜ್ಜಿ ಬೆನ್ನುಜ್ಜಿ ಕೆನ್ನೆ ನುಣುಪಾಗಿದೆ.
ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಹಾಗೆ
ಈಗ ಸುತ್ತ ಸರ್ಕಾರದ ಕಬ್ಬಿಣದ ಬೇಲಿ,
ಸಂಜೆ ಐದಕ್ಕೆ ಬೀಗ.
ಬೀಗದ ಕೈ ನನ್ನ ಜೇಬಿನಲ್ಲಿ.

ಹೋದ ಬೇಸಿಗೆ ಏಳು ವಾರ ಮಳೆಯಿಲ್ಲ.
ಕತ್ತರಿಸಲು ಏನೂ ಬೆಳೆಯಲಿಲ್ಲ.
ಒಂದು ಬೆಳಿಗ್ಗೆ ಸುಮ್ಮನೆ ಬುರುಜು ಹತ್ತಿ ಕೆಳಗೆ ನೋಡಿದರೆ
ನೆಲದ ತುಂಬ ಹಳದಿ ಗೆರೆ.
ಅಡಿಯಲ್ಲಿ ಕಲ್ಲಿದ್ದಲ್ಲಿ ಬೇರಿಗೆ ನೀರಿಲ್ಲದೆ
ಹುಲ್ಲು ಒಣಗಿತ್ತು, ಗೋಡೆ ಎಷ್ಟಗಲವೋ ಅಷ್ಟೇ ಅಗಲ.
ಇಗೋ ಅಡುಗೆಮನೆ, ಇಗೋ ಬಾವಿಯ ಬಳೆ,
ಗೆರೆ ತುಂಡಾಗಿ ಹಸುರಾದಲ್ಲೆಲ್ಲ ಬಾಗಿಲು.
ನಲವತ್ತು ಕೋಳಿಯ ಗೂಡೂ ಇರಬಹುದೆಂದು ಹುಡುಕಿದೆ.

ಹೆಸ್ಟರಳನ್ನು ಕೂಗಿದೆ. ಹತ್ತಲಾರೆ, ಮಂಡಿನೋವು, ಎಂದಳು.
ಎಲ್ಲಿ ನಿಲ್ಲಲಿ ಹೇಳು.
ಎಡಕ್ಕೆ, ಅಂದೆ, ಇನ್ನೂ ಎಡಕ್ಕೆ,
ಗೋಡೆ ಹಾಯಬೇಡ, ಬಾಗಿಲಿಂದ ಬಾ.
ಎಪ್ಪತ್ತೆಂಟರ ಹೆಂಗಸು
ಹಸುರು ಸಂದಿನಲ್ಲೇ ಕಾಲಿಟ್ಟು ಕಾಲಿಟ್ಟು ಬಂದು
ದೊರೆಯ ಕೋಣೆಯ ನಡುವೆ ನಿಂತಳು,
ಚೀಲದಿಂದ ಬ್ರೆಡ್ಡು ತೆಗೆದು ತಿಂದಳು.
ಚಿಕ್ಕದಿದೆ, ಎಂದಳು.
ನಾನು ಇಷ್ಟು ವರ್ಷ ತೋರಿಸಿದ್ದು ಏನನ್ನು?
ಲಾಯ, ಅಂದೆ.
ನಕ್ಕಳು, ಕೆಮ್ಮು ಬರುವವರೆಗೆ.

ಗುರುವಾರ ರಾತ್ರಿ ಮಳೆ ಬಂತು. ಮತ್ತೆ ಎಲ್ಲ ಒಂದೇ ಹಸುರು.
ಈಗ ಕತ್ತರಿಸುವಾಗ ನಾನು ಗೋಡೆ ಬಂದಲ್ಲಿ ತಿರುಗುತ್ತೇನೆ,
ಸುತ್ತು ಬಳಸಿ ಬಾಗಿಲಿಂದಲೇ ಒಳಗೆ ಹೋಗುತ್ತೇನೆ.
ವಾರಕ್ಕೆ ಅರ್ಧ ಲೀಟರ್ ಪೆಟ್ರೋಲು ಹೆಚ್ಚು.
ಲೆಕ್ಕದಲ್ಲಿ ಅದಕ್ಕೆ ಏನೆಂದು ಬರೆಯಲಿ,
ಒಸ್ಬರ್ಟ್?